ಪಿಜಿ ನೋಡಲು ಹನ್ನೊಂದು ಗಂಟೆಗೆ ಹೋಗಬೇಡಿ

ಪ್ರಶ್ನೆ: ನಮ್ಮದು ಬ್ಯಾಡಗಿ. ಮಗಳಿಗೆ ಸಿಇಟಿಯಲ್ಲಿ ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜು ಸಿಕ್ಕಿದೆ. ಕಾಲೇಜಿನ ಹಾಸ್ಟೆಲ್ ಭರ್ತಿಯಾಗಿದೆ, ವೇಟಿಂಗ್ ಲಿಸ್ಟ್‌ನಲ್ಲಿ ಹೆಸರಿದೆ. ಅಂಗಡಿ ಬಿಟ್ಟು ನನಗೆ ಒಂದೇ ದಿನ ಬರಲು ಆಗುತ್ತದೆ. ಆನ್‌ಲೈನ್‌ನಲ್ಲಿ ಒಂದು ಲೇಡೀಸ್ ಪಿಜಿಯ ಫೋಟೊಗಳು ಚೆನ್ನಾಗಿವೆ. ಈಗಲೇ 3,000 ರೂಪಾಯಿ ಟೋಕನ್ ಹಾಕಿದರೆ ಬೆಡ್ ಹಿಡಿದಿಡುತ್ತೇವೆ ಅನ್ನುತ್ತಿದ್ದಾರೆ. ಹಾಕಲೇ? ಬಂದಾಗ ಏನು ನೋಡಬೇಕು, ಏನು ಕೇಳಬೇಕು? ನನಗೆ ಮುಖ್ಯವಾಗಿ ಸುರಕ್ಷತೆಯದೇ ಚಿಂತೆ.

ಉತ್ತರ: ಟೋಕನ್ ಹಾಕಬೇಡಿ. ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಯಾಕೆಂದರೆ ನೀವು ಇದನ್ನು ಓದುವ ಹೊತ್ತಿಗೆ ಅವರು ಇನ್ನೊಂದು ಸಲ ಫೋನ್ ಮಾಡಿರುತ್ತಾರೆ. ನಾನು ಹದಿನೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್ ಆಗಿದ್ದೆ. ನಮ್ಮಲ್ಲಿ ಸೀಟು ಸಿಗದ ಮಕ್ಕಳ ಜತೆ ಪಿಜಿ ಹುಡುಕಿಕೊಂಡು ಅಲೆದದ್ದಕ್ಕೆ ಲೆಕ್ಕವಿಲ್ಲ. 'ಕೊನೇ ಬೆಡ್ ಸಾರ್, ಇವತ್ತೇ ಹೋಗಿಬಿಡುತ್ತೆ' ಅನ್ನದ ಪಿಜಿಯನ್ನು ನಾನು ಈವರೆಗೆ ನೋಡಿಲ್ಲ. ಆ ಕೊನೇ ಬೆಡ್ ಮುಂದಿನ ವಾರವೂ ಅಲ್ಲೇ ಇರುತ್ತದೆ.

ಮೂರು ಸಾವಿರ ದೊಡ್ಡ ದುಡ್ಡು ಅಂತ ಹೀಗೆ ಹೇಳುತ್ತಿಲ್ಲ. ದುಡ್ಡು ಹಾಕಿದ ಮೇಲೆ ಆ ಜಾಗವನ್ನು ನೋಡುವ ನಿಮ್ಮ ಕಣ್ಣೇ ಬದಲಾಗುತ್ತದೆ. ಬಚ್ಚಲು ಗಲೀಜಾಗಿದ್ದರೂ 'ಹೆಂಗೋ ಆಗ್ತದ ಬಿಡು' ಅನಿಸುತ್ತದೆ. ಇನ್ನು ಫೋಟೊ ಒಂದು ಕಡೆಯದು, ವಿಳಾಸ ಇನ್ನೊಂದು ಕಡೆಯದು, ಫೋನಿನಲ್ಲಿ ಮಾತಾಡುವವನು ಎರಡೂ ಕಡೆ ಇಲ್ಲದವನು, ಇಂಥ ಮೋಸವೂ ಇದೆ. 'ಟೋಕನ್ ವಾಪಸ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರಿಸಿಕೊಳ್ಳಲು ಪಿನ್ ಬೇಕಾಗಿಲ್ಲ, ಕಳಿಸಲು ಮಾತ್ರ ಬೇಕು. ಅಕಸ್ಮಾತ್ ಆಗಲೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ನೋಡುವ ವಿಷಯ. ನಿಮ್ಮ ಕಡೆಯಿಂದ ಬರುವವರು ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ರಾತ್ರಿ ಬಸ್ಸಿಗೆ ಹತ್ತಿ ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಲಾಡ್ಜ್ ಹಿಡಿದು ಸ್ನಾನ, ತಿಂಡಿ, ಸ್ವಲ್ಪ ನಿದ್ದೆ. ಹನ್ನೊಂದಕ್ಕೆ ಪಿಜಿ ನೋಡಲು ಹೊರಡುತ್ತಾರೆ. ಇಡೀ ದಿನದಲ್ಲಿ ಪಿಜಿ ಅತಿ ಚೆನ್ನಾಗಿ ಕಾಣುವ ಹೊತ್ತು ಅದೇ. ಹುಡುಗಿಯರೆಲ್ಲ ಕಾಲೇಜಿಗೆ, ಕೆಲಸಕ್ಕೆ ಹೋಗಿರುತ್ತಾರೆ. ನೆಲ ಈಗಷ್ಟೇ ಒರೆಸಿರುತ್ತದೆ, ಫಿನೈಲ್ ವಾಸನೆ ಘಮ್ಮೆನ್ನುತ್ತಿರುತ್ತದೆ. ನಲ್ಲಿಯಲ್ಲಿ ನೀರು ಧೋ ಅಂತ ಬರುತ್ತದೆ, ಯಾಕೆಂದರೆ ಬೇರೆ ಯಾರೂ ತಿರುಗಿಸಿಲ್ಲ. ವೈಫೈ ಓಡುತ್ತದೆ, ಯಾಕೆಂದರೆ ಬೇರೆ ಯಾರೂ ಬಳಸುತ್ತಿಲ್ಲ. ಖಾಲಿ ರೂಮ್ ನೋಡಿ ಒಪ್ಪಿಕೊಂಡು ಬರುತ್ತೀರಿ. ನಿಮ್ಮ ಮಗಳು ಇರಬೇಕಾದದ್ದು ತುಂಬಿದ ಮನೆಯಲ್ಲಿ.

ಹಾಗಾಗಿ ಆ ರಾತ್ರಿ ಬಸ್ಸನ್ನೇ ಉಪಯೋಗಿಸಿಕೊಳ್ಳಿ. ವಾರದ ನಡುವಿನ ಒಂದು ದಿನ ಬನ್ನಿ. ಭಾನುವಾರ ಬೇಡ, ಅವತ್ತು ಎಲ್ಲರೂ ಮಲಗಿರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಕಾಫಿ ಕುಡಿದು ನೇರಳೆ ಮಾರ್ಗದ ಮೆಟ್ರೊ ಹಿಡಿಯಿರಿ, ಚಲ್ಲಘಟ್ಟ ಕಡೆಗೆ ಹೋಗುವುದು. ವಾರದ ದಿನಗಳಲ್ಲಿ ಅದು ಬೆಳಗಿನ ಐದರಿಂದಲೇ ಓಡುತ್ತದೆ. ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ ಎಲ್ಲ ಆ ದಾರಿಯಲ್ಲೇ ಸಿಗುತ್ತವೆ. ಏಳೂಕಾಲಿಗೆ ಮೊದಲ ಪಿಜಿಯ ಬಾಗಿಲಲ್ಲಿರಿ. ಎಂಟೂಕಾಲಿಗೆ ಎರಡನೆಯದು. ಹಿಂದಿನ ದಿನವೇ ಫೋನ್ ಮಾಡಿ, 'ರಾತ್ರಿ ಬಸ್ಸಿಗೆ ಬರ್ತಿದೀವಿ, ಬೆಳಿಗ್ಗೆನೇ ಬರ್ತೀವಿ' ಅಂತ ತಿಳಿಸಿ. ಕೆಲವರು ಸರಿ ಅನ್ನುತ್ತಾರೆ. ಕೆಲವರು 'ಇಲ್ಲ ಇಲ್ಲ, ಹತ್ತರ ಮೇಲೆ ಬನ್ನಿ' ಅನ್ನುತ್ತಾರೆ. ಆ ಉತ್ತರದಿಂದಲೇ ನಿಮಗೆ ಅರ್ಧ ಗೊತ್ತಾಗುತ್ತದೆ.

ಒಂದು ಮಾತು. ನಿಮ್ಮನ್ನು ಮೇಲೆ ಬಿಡುವುದಿಲ್ಲ. ಬಿಡಲೂಬಾರದು. ಹುಡುಗಿಯರು ಟವಲ್ ಸುತ್ತಿಕೊಂಡು ಓಡಾಡುವ ಹೊತ್ತಿನಲ್ಲಿ ಗುರುತಿಲ್ಲದ ಗಂಡಸನ್ನು ಎರಡನೇ ಮಹಡಿಗೆ ಬಿಡುವ ಪಿಜಿ ನಿಮ್ಮ ಮಗಳಿಗೆ ಬೇಡ. ಆದ್ದರಿಂದ ನೋಡುವ ಕೆಲಸ ಮಗಳದು. ಅವಳ ಅಮ್ಮನೂ ಬರುವುದಾದರೆ ಇನ್ನೂ ಒಳ್ಳೆಯದು. ನೀವು ಕೆಳಗೆ ಕೂತು ದುಡ್ಡಿನ ಮಾತಾಡಿ.

ಮೇಲೆ ಹೋದವರು ಮೊದಲು ಬಚ್ಚಲಿನ ಹತ್ತಿರ ನಿಲ್ಲಲಿ. ಒಂದು ಮಹಡಿಯಲ್ಲಿ ಎಷ್ಟು ಜನ, ಎಷ್ಟು ಬಚ್ಚಲು? ರೂಮಿಗೇ ಅಂಟಿಕೊಂಡ ಬಚ್ಚಲಿದ್ದು ಮೂವರು ಇದ್ದರೆ ನಡೆಯುತ್ತದೆ. ಎಂಟು ಜನಕ್ಕೆ ಒಂದು ಅಂದರೆ ಎಂಟೂವರೆ ಕ್ಲಾಸಿಗೆ ಐದೂವರೆಗೆ ಏಳಬೇಕು. ಬಿಸಿನೀರು ಎಲ್ಲಿಂದ ಅಂತ ಕೇಳಲಿ. 'ಸೋಲಾರ್ ಇದೆ' ಅಂತ ಹೆಮ್ಮೆಯಿಂದ ಹೇಳುತ್ತಾರೆ. ಸೋಲಾರ್ ನೀರು ಮೊದಲು ಎದ್ದವರ ಪಾಲು. ಜುಲೈ, ಆಗಸ್ಟ್‌ನ ಮೋಡದಲ್ಲಿ ಯಾರ ಪಾಲಿಗೂ ಇಲ್ಲ. ಗೀಸರ್ ಇದೆಯೇ, ಇದ್ದರೆ ಎಷ್ಟರಿಂದ ಎಷ್ಟು ಗಂಟೆಯವರೆಗೆ ಹಾಕುತ್ತಾರೆ ಅನ್ನುವುದು ಮುಖ್ಯ. ಏಳೂವರೆಗೆ ಒಂದು ನಲ್ಲಿ ತಿರುಗಿಸಿ ಕೈ ಒಡ್ಡಿ ನೋಡಿದರೆ ಇದಕ್ಕೆಲ್ಲ ಉತ್ತರ ಸಿಕ್ಕಿಬಿಡುತ್ತದೆ.

ನೀರು ಬೆಂಗಳೂರಿನ ದೊಡ್ಡ ಕಥೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿತು, ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ ಹಳ್ಳಿಗಳಿಗೂ ನೀರು ಬರುವ ದಾರಿಯಾಯಿತು. ಆದರೆ ಬೀದಿಗೆ ಪೈಪ್ ಬಂದಿದೆ ಅಂದರೆ ಆ ಕಟ್ಟಡ ಸಂಪರ್ಕ ಪಡೆದಿದೆ ಅಂತ ಅರ್ಥವಲ್ಲ. 'ಕಾವೇರಿನಾ, ಬೋರಾ, ಟ್ಯಾಂಕರಾ?' ಅಂತ ನೇರವಾಗಿ ಕೇಳಿ. ಉತ್ತರ ನಂಬಬೇಕಾಗಿಲ್ಲ. ಬಕೆಟ್‌ನ ಒಳಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರು. ಕೈಗೆ ಸೋಪು ಹಚ್ಚಿದರೆ ನೊರೆಯೇ ಬರುವುದಿಲ್ಲ. ಪಿಜಿ ಹುಡುಗಿಯರ ಮೊದಲ ವರ್ಷದ ದೂರುಗಳಲ್ಲಿ ಓದಿಗಿಂತ ಜಾಸ್ತಿ ಕೂದಲು ಉದುರುವುದರದ್ದೇ ಇರುತ್ತದೆ, ನಗಬೇಡಿ.

ರೂಮಿನ ಅಳತೆಗೆ ಒಂದು ಸುಲಭ ಉಪಾಯ ಹೇಳುತ್ತೇನೆ, ಮೊದಲು ಅದರ ಹಿಂದಿರುವ ನಿಯಮದ ಕಥೆ ಕೇಳಿ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿದವನೊಬ್ಬ ಅಲ್ಲಿದ್ದ ಯುವತಿಯನ್ನು ಕೊಂದ. ಅದಾದ ಮೇಲೆ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ಅಂತ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಒಳಗೆ ಹೊರಗೆ ಹೋಗುವ ಜಾಗದಲ್ಲಿ ಸಿಸಿಟಿವಿ, ಅದರ ದೃಶ್ಯ 90 ದಿನ ಉಳಿಸಿಡಬೇಕು. ಅಡುಗೆಮನೆ ಇದ್ದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ. ಬಿಬಿಎಂಪಿ ಈಗ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಆದರೂ ಆ ನಿಯಮಗಳು ನಿಮಗೆ ಒಳ್ಳೆಯ ಅಳತೆಗೋಲು. ನೆಲದ ಟೈಲ್ಸ್ ಎಣಿಸಿ. ಎರಡಡಿ ಟೈಲ್ಸ್ ಆದರೆ ಒಂದಕ್ಕೆ ನಾಲ್ಕು ಚದರ ಅಡಿ. ಅಂದರೆ ತಲೆಗೆ ಹದಿನೇಳು, ಹದಿನೆಂಟು ಟೈಲ್ಸ್ ಬರಬೇಕು. ತ್ರೀ ಶೇರಿಂಗ್ ಅಂತ ತೋರಿಸುವ ರೂಮಿನಲ್ಲಿ ಒಟ್ಟು ಮೂವತ್ತು ಟೈಲ್ಸ್ ಇದ್ದರೆ ಅದು ಇಬ್ಬರಿಗೂ ಸಾಲದ ರೂಮು. ಮೂರನೇ ಮಂಚ ಬಾಡಿಗೆಗಾಗಿ ತುರುಕಿದ್ದು. ಟ್ರೇಡ್ ಲೈಸೆನ್ಸ್ ತೋರಿಸಿ ಅಂತಲೂ ಕೇಳಿ. ಗೋಡೆಗೆ ನೇತುಹಾಕಿದ್ದರೆ ಸರಿ. 'ಅದೆಲ್ಲ ಇದೆ ಸಾರ್, ಆಡಿಟರ್ ಹತ್ರ ಇದೆ' ಅಂದರೆ ಇಲ್ಲ ಅಂತಲೇ ತಿಳಿಯಿರಿ.

ಕಿಟಕಿ ಇದೆಯೇ ಅಂತ ಮಾತ್ರ ನೋಡಬೇಡಿ, ಪರದೆ ಸರಿಸಿ. ಪಕ್ಕದ ಕಟ್ಟಡದ ಗೋಡೆ ಒಂದಡಿ ದೂರದಲ್ಲಿದ್ದರೆ ಅದನ್ನು ಕಿಟಕಿ ಅಂತ ಲೆಕ್ಕ ಹಿಡಿಯಬಾರದು. ಮೈಸೂರು ರಸ್ತೆಯ ಉದ್ದಕ್ಕೂ ವೃಷಭಾವತಿ ಹರಿಯುತ್ತದೆ. ಹೆಸರು ಚೆನ್ನಾಗಿದೆ, ಹರಿಯುವುದು ಊರಿನ ಕೊಳಚೆ. ಅದರ ಹತ್ತಿರದ ಬೀದಿಯಾದರೆ ಕಿಟಕಿ ತೆಗೆದು ಎರಡು ನಿಮಿಷ ಸುಮ್ನೆ ನಿಂತರೆ ಸಾಕು, ಮೂಗೇ ತೀರ್ಮಾನ ಹೇಳುತ್ತದೆ. ಸೊಳ್ಳೆ ಜಾಲರಿ ಇದೆಯೇ ನೋಡಿ. ಗೋಡೆ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಒಂದು ರೂಮನ್ನು ಎರಡು ಮಾಡಲು ನಿಲ್ಲಿಸಿದ ಹಲಗೆ. ಪಕ್ಕದವಳ ಫೋನ್ ಮಾತೆಲ್ಲ ಪುಕ್ಕಟೆ. ಮಳೆಗಾಲದಲ್ಲೇ ಬರುತ್ತಿರುವುದು ನಿಮ್ಮ ಅದೃಷ್ಟ, ಗೋಡೆ ಒಸರುತ್ತಿದ್ದರೆ ಈಗಲೇ ಕಾಣುತ್ತದೆ. ಹೊಸದಾಗಿ ಸುಣ್ಣ ಬಳಿದ ಒಂದೇ ಒಂದು ಮೂಲೆ ಕಂಡರೆ ಅಲ್ಲಿಗೆ ಕೈ ಒತ್ತಿ.

ಹಾಸಿಗೆ ಎತ್ತಿ ಹೊಲಿಗೆಯ ಅಂಚು ನೋಡುವುದನ್ನು ಮಾತ್ರ ಮರೆಯಬೇಡಿ. ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಿಗಣೆ. ಮರದ ಮಂಚವಾದರೆ ಸಂದುಗಳನ್ನೂ ನೋಡಿ. ತಿಗಣೆ ಒಂದು ರೂಮಿನ ಸಮಸ್ಯೆಯಲ್ಲ, ಇಡೀ ಕಟ್ಟಡದ್ದು. ದೀಪಾವಳಿಗೆ ಮಗಳು ಊರಿಗೆ ಬರುವಾಗ ಬ್ಯಾಗಿನಲ್ಲಿ ಬ್ಯಾಡಗಿಗೂ ಬರುತ್ತದೆ.

ಪ್ಲಗ್ ಪಾಯಿಂಟ್ ಪ್ರತಿ ಮಂಚದ ಹತ್ತಿರ ಇರಲಿ. ಕಪಾಟಿಗೆ ಬೀಗ ಹಾಕುವಂತಿರಲಿ. ಫೋನ್ ಸಿಗ್ನಲ್ ಮತ್ತು ವೈಫೈಯನ್ನು ಮಂಚದ ಮೇಲೆ ಕೂತು ನೋಡಲಿ, ರಿಸೆಪ್ಷನ್‌ನಲ್ಲಿ ಅಲ್ಲ. ಇಷ್ಟು ಸಾಕು.

ನಿಮ್ಮ ದೊಡ್ಡ ಚಿಂತೆ ಸುರಕ್ಷತೆ. ಅಪ್ಪಂದಿರು ಬಂದವರು ಎಲ್ಲರೂ ಸಿಸಿಟಿವಿ ಎಷ್ಟಿದೆ ಅಂತ ಕೇಳುತ್ತಾರೆ. ಮಾಲೀಕರಿಗೆ ಅದು ಗೊತ್ತಿರುವುದರಿಂದ ಬಾಗಿಲಲ್ಲೇ ದೊಡ್ಡ ಪರದೆ ಇಟ್ಟಿರುತ್ತಾರೆ. ನಾನು ಕೇಳುವುದು ಬೇರೆ. ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಅವರು ಎಲ್ಲಿ ಮಲಗುತ್ತಾರೆ? ಬೆಂಗಳೂರಿನ ಪಿಜಿಗಳು ಬಹಳ ಮಟ್ಟಿಗೆ ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕೈದು ಮಹಡಿ ಎಬ್ಬಿಸಿದ ಕಟ್ಟಡಗಳು. ಒಂದೇ ಮೆಟ್ಟಿಲು. ಕೆಳಗೆ ಪಾರ್ಕಿಂಗ್, ಅಲ್ಲೇ ಮೀಟರ್ ಬೋರ್ಡು, ಅಲ್ಲೇ ಚಾರ್ಜಿಗೆ ಹಾಕಿದ ಸ್ಕೂಟರು, ಕೆಲವು ಕಡೆ ಅಲ್ಲೇ ಗ್ಯಾಸ್ ಸಿಲಿಂಡರು. ಮೇಲೆ ಟೆರೇಸಿನ ಬಾಗಿಲಿಗೆ ಬೀಗ, ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್. ಕಳ್ಳ ಒಳಗೆ ಬರಬಾರದು ಅಂತ ಮಾಡಿದ್ದೆಲ್ಲ ಬೆಂಕಿ ಬಿದ್ದ ದಿನ ಒಳಗಿದ್ದವರನ್ನು ಹೊರಗೆ ಬಿಡುವುದಿಲ್ಲ. ಮೊದಲ ಅಥವಾ ಎರಡನೇ ಮಹಡಿಯ ರೂಮ್ ಕೇಳಿ. ಟೆರೇಸಿನ ಬೀಗದ ಕೈ ಹುಡುಗಿಯರಿಗೆ ಸಿಗುವಂತಿರಬೇಕು. ಮೆಟ್ಟಿಲಿನ ಬುಡದಲ್ಲಿ ಸಿಲಿಂಡರ್ ಸಾಲು ಕಂಡರೆ, ರೂಮ್ ಎಷ್ಟೇ ಚೆನ್ನಾಗಿದ್ದರೂ ನಾನು ತಿರುಗಿ ಬರುತ್ತೇನೆ.

ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದು ಅಪ್ಪಂದಿರಿಗೆ ಇಷ್ಟವಾದ ಇನ್ನೊಂದು ಪ್ರಶ್ನೆ. ಒಂಬತ್ತೂವರೆ ಅಂದರೆ ಸಮಾಧಾನ. ನಾನು ಅದನ್ನು ತಿರುಗಿಸಿ ಕೇಳುತ್ತೇನೆ: ಗೇಟು ಮುಚ್ಚಿದ ಮೇಲೆ ಬಂದರೆ ಏನು ಮಾಡುತ್ತೀರಿ? ನಿಮ್ಮ ಮಗಳು ಹಬ್ಬ ಮುಗಿಸಿ ರಾತ್ರಿ ಬಸ್ಸಿಗೆ ಬಂದು ಬೆಳಗಿನ ಜಾವ ನಾಲ್ಕೂವರೆಗೆ ಇಳಿಯುತ್ತಾಳೆ. ಗೇಟು ತೆಗೆಯುವವರು ಯಾರು? 'ಆರಕ್ಕೆ ತೆಗೀತೀವಿ' ಅನ್ನುವ ಪಿಜಿ ಅವಳನ್ನು ಒಂದೂವರೆ ಗಂಟೆ ಬೀದಿಯಲ್ಲಿ ನಿಲ್ಲಿಸುತ್ತದೆ. ನಮ್ಮ ಹಾಸ್ಟೆಲ್‌ನಲ್ಲೂ ಹಿಂದೆ ಅದೇ ನಿಯಮ ಇತ್ತು. ಒಂದು ಡಿಸೆಂಬರ್‌ನಲ್ಲಿ ನಾಲ್ಕು ಹುಡುಗಿಯರು ಗೇಟಿನ ಹೊರಗೆ ಬ್ಯಾಗಿನ ಮೇಲೆ ಕೂತು ನಡುಗುತ್ತಿದ್ದದ್ದನ್ನು ನೋಡಿದ ದಿನವೇ ಅದನ್ನು ನಾನು ತೆಗೆಸಿದೆ. ಮೊದಲೇ ತೆಗೆಸಬೇಕಿತ್ತು.

ಇನ್ನು ಗೇಟಿನಿಂದ ಮುಖ್ಯ ರಸ್ತೆಗೆ ನಡೆಯುವ ದಾರಿ. ಸಂಜೆ ಎಂಟೂವರೆಗೆ ಮಗಳನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಬೀದಿದೀಪ ಉರಿಯುತ್ತಿದೆಯೇ, ನಾಯಿ ಎಷ್ಟಿವೆ, ತಿರುವಿನಲ್ಲಿ ಬಾರ್ ಇದೆಯೇ, ತೆರೆದಿರುವ ಒಂದಾದರೂ ಅಂಗಡಿ ಇದೆಯೇ. ಹಾಲಿನ ಬೂತು, ಮೆಡಿಕಲ್ ಶಾಪು ಇರುವ ಬೀದಿ ಕ್ಯಾಮೆರಾ ಇರುವ ಬೀದಿಗಿಂತ ಒಳ್ಳೆಯದು. ಕಾಲೇಜು ರಸ್ತೆಯ ಆಚೆ ಬದಿಗಿದ್ದರೆ ದಾಟುವುದು ಹೇಗೆ ಅಂತಲೂ ನೋಡಿ. ಮೈಸೂರು ರಸ್ತೆ ನಿಮ್ಮ ಊರಿನ ಮೇನ್ ರೋಡ್ ಅಲ್ಲ. ಸ್ಕೈವಾಕ್ ಇರುವ ಜಾಗಕ್ಕೆ ನಡೆದು, ದಾಟಿ, ವಾಪಸ್ ನಡೆದರೆ 'ಐದು ನಿಮಿಷ' ಅಂದದ್ದು ಇಪ್ಪತ್ತಾಗುತ್ತದೆ.

ದೂರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಮೊದಲ ವರ್ಷ ನಡೆದು ಹೋಗುವಷ್ಟು ಹತ್ತಿರ ಇರಲಿ, ಅದಕ್ಕೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ. ವಿಜಯನಗರ, ಅತ್ತಿಗುಪ್ಪೆ ಕಡೆ ಪಿಜಿ ಅಗ್ಗ, ಊಟದ ಅಂಗಡಿ ಜಾಸ್ತಿ, ಮೆಟ್ರೊ ಇದೆ ಅಂತ ಯಾರಾದರೂ ಹೇಳುತ್ತಾರೆ. ಸುಳ್ಳಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು ಅಲ್ಲಿ ತುಂಬಿದ್ದಾರೆ, ಲೈಬ್ರರಿಗಳಿವೆ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೆ ಮಾತ್ರ, ಮೆಟ್ರೊಗಿಲ್ಲ. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಜೋರಾಗಿಯೇ ಏರಿತು, ಗರಿಷ್ಠ 60 ಇದ್ದದ್ದು 90 ಆಯಿತು. ದಿನಕ್ಕೆ ಹೋಗಿಬರುವ ಖರ್ಚನ್ನು ಇಪ್ಪತ್ತೈದರಿಂದ ಗುಣಿಸಿ ಬಾಡಿಗೆಗೆ ಸೇರಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡೋಣ. ಮೆಟ್ರೊ ಸ್ಟೇಷನ್‌ನಿಂದ ಕಾಲೇಜಿಗೆ ಆಟೊ ಬೇಕಾದರೆ ಅದನ್ನೂ.

ಊಟ. ಪಿಜಿಯ ಗೋಡೆಯ ಮೇಲಿನ ಮೆನು ಓದಿ ಮರುಳಾಗಬೇಡಿ, ಅದರಲ್ಲಿ ಭಾನುವಾರ ಬಿರಿಯಾನಿ, ಪನೀರ್ ಎಲ್ಲ ಇರುತ್ತದೆ. ಎಂಟು ಗಂಟೆಗೆ ಅಲ್ಲಿದ್ದರೆ ಆ ದಿನದ ತಿಂಡಿ ಕಾಣುತ್ತದೆ. ತಟ್ಟೆ ತೊಳೆಯುವ ಜಾಗದಲ್ಲಿ ಎಷ್ಟು ಬಿಸಾಡಿದ್ದಾರೆ ನೋಡಿ. ಹುಡುಗಿಯರು ತಿಂಡಿ ಮುಟ್ಟದೆ ಹೊರಡುತ್ತಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ. ನೀವೂ ದುಡ್ಡು ಕೊಟ್ಟು ಒಂದು ಪ್ಲೇಟ್ ತಿನ್ನಿ, ಯಾರೂ ಬೇಡ ಅನ್ನುವುದಿಲ್ಲ. ಇಲ್ಲಿ ಬಹಳಷ್ಟು ಪಿಜಿಗಳನ್ನು ಆಂಧ್ರದವರು ನಡೆಸುತ್ತಾರೆ, ಅಡುಗೆಯೂ ಆ ಕಡೆಯದೇ. ಬ್ಯಾಡಗಿಯವರು ಮೆಣಸಿನಕಾಯಿಗೆ ಹೆದರುತ್ತಾರಾ ಅನ್ನಬೇಡಿ. ನಿಮ್ಮದು ಬಣ್ಣದ ಮೆಣಸಿನಕಾಯಿ, ಗುಂಟೂರಿನದು ಖಾರದ್ದು. ಮೊದಲ ತಿಂಗಳು ಹೊಟ್ಟೆ ಕೆಟ್ಟ ಉತ್ತರ ಕರ್ನಾಟಕದ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಮೂರು ಹೊತ್ತು ಅನ್ನ ತಿಂದು ಬೇಜಾರಾದಾಗ ರೊಟ್ಟಿ ಸಿಗುವ ಖಾನಾವಳಿ ಹತ್ತಿರ ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ, ಈಗ ಬಹಳ ಬಡಾವಣೆಗಳಲ್ಲಿ ಇವೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ತುಂಬಿ ಕಳಿಸಿದರೆ ಹದಿನೈದು ದಿನ ನಡೆಯುತ್ತದೆ. ಬೀಗ ಹಾಕದಿದ್ದರೆ ಎರಡು ದಿನ. ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಡುತ್ತಾರೆಯೇ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. 'ಮೂರು ಹೊತ್ತು ಊಟ' ಅಂದವರು ಮಧ್ಯಾಹ್ನ ಒಂದಕ್ಕೆ ಪಿಜಿಗೆ ಬಂದು ತಿನ್ನಬೇಕು ಅನ್ನುವುದೂ ಉಂಟು.

ಮಾಲೀಕರು ಹೇಳುವ ಅರ್ಧ ಗಂಟೆಯ ಮಾತಿಗಿಂತ ಅಲ್ಲಿರುವ ಒಬ್ಬ ಹುಡುಗಿಯ ಎರಡು ನಿಮಿಷ ಹೆಚ್ಚು. ಅದಕ್ಕೆ ಮಗಳು ಒಬ್ಬಳೇ ಹೋಗಬೇಕು. ನೀವು ಪಕ್ಕದಲ್ಲಿದ್ದರೆ ಆ ಹುಡುಗಿ 'ಚೆನ್ನಾಗಿದೆ ಅಂಕಲ್' ಅನ್ನುತ್ತಾಳೆ, ಮುಗಿಯಿತು. 'ಚೆನ್ನಾಗಿದೆಯಾ' ಅಂತ ಕೇಳಿದರೆ ಉಪಯೋಗವಿಲ್ಲ. 'ಎಷ್ಟು ದಿನದಿಂದ ಇದೀರಾ?' ಅಂತ ಕೇಳಲಿ. ಇಡೀ ಕಟ್ಟಡದಲ್ಲಿ ವರ್ಷ ದಾಟಿದವರು ಒಬ್ಬರೂ ಇಲ್ಲದಿದ್ದರೆ ಏನೋ ಇದೆ. 'ಈ ಬೆಡ್‌ನಲ್ಲಿ ಇದ್ದವರು ಯಾಕೆ ಬಿಟ್ಟರು?' ಅಂತ ಕೇಳಲಿ. 'ಬಿಟ್ಟವರಿಗೆ ಅಡ್ವಾನ್ಸ್ ವಾಪಸ್ ಬಂತಾ?' ಇದು ಎಲ್ಲಕ್ಕಿಂತ ಮುಖ್ಯ.

ಯಾಕೆಂದರೆ ದುಡ್ಡಿನ ಜಗಳ ಶುರುವಾಗುವುದು ಬಿಡುವಾಗ. ಮೈಸೂರು ರಸ್ತೆ ಕಡೆಯ ಪಿಜಿಗಳಲ್ಲಿ ನಾನು ಇತ್ತೀಚೆಗೆ ಕೇಳಿದ ದರ ನಾಲ್ವರ ರೂಮಿಗೆ ತಲಾ ಆರರಿಂದ ಎಂಟು ಸಾವಿರ, ಇಬ್ಬರ ರೂಮಿಗೆ ಒಂಬತ್ತರಿಂದ ಹದಿಮೂರು, ಊಟ ಸೇರಿ. ಅಡ್ವಾನ್ಸ್ ಸಾಮಾನ್ಯವಾಗಿ ಒಂದು ತಿಂಗಳಿನ ಬಾಡಿಗೆ ಅಥವಾ ಅದಕ್ಕಿಂತ ಕಡಿಮೆ. ಅದರಲ್ಲಿ 'ಮೇಂಟೆನೆನ್ಸ್' ಅಂತ ಬಿಡುವಾಗ ಸಾವಿರವೋ ಎರಡು ಸಾವಿರವೋ ಹಿಡಿಯುತ್ತಾರೆ. ಅದನ್ನು ತಪ್ಪಿಸುವುದು ಕಷ್ಟ, ಆದರೆ ಎಷ್ಟು ಅಂತ ಈಗಲೇ ರಸೀದಿಯಲ್ಲಿ ಬರೆಸಿಕೊಳ್ಳಿ. ನೋಟಿಸ್ ಮೂವತ್ತು ದಿನ ಅಂತಾರೆ. ಕೆಲವರು 'ತಿಂಗಳ ಒಂದನೇ ತಾರೀಖಿಗೇ ಹೇಳಬೇಕು' ಅಂತ ಸೇರಿಸುತ್ತಾರೆ, ನೀವು ಎರಡನೇ ತಾರೀಖು ಹೇಳಿದರೆ ಎರಡು ತಿಂಗಳು ಹೋಯಿತು. ಕರೆಂಟ್ ಬಿಲ್ ಬಾಡಿಗೆಯಲ್ಲಿ ಸೇರಿದೆಯೇ ಅಂತಲೂ ಕೇಳಿ. ರಜೆಯಲ್ಲಿ ಊರಿಗೆ ಬಂದ ತಿಂಗಳು ಬಾಡಿಗೆ ಪೂರ್ತಿಯೋ ಅರ್ಧವೋ? ದೊಡ್ಡ ಬ್ರ್ಯಾಂಡ್‌ನ ಸ್ಟೂಡೆಂಟ್ ಹೌಸಿಂಗ್ ಕಂಪನಿಗಳಾದರೆ ಆರು ಅಥವಾ ಹನ್ನೊಂದು ತಿಂಗಳ ಲಾಕ್-ಇನ್ ಇರಬಹುದು, ಅಂದರೆ ಅಲ್ಲಿಯವರೆಗೆ ಬಿಡುವಂತಿಲ್ಲ. ಕರಾರು ಪೂರ್ತಿ ಓದಿ.

ಜಿಎಸ್‌ಟಿ ಅಂತ ಬಾಡಿಗೆಗೆ ಸೇರಿಸಿ ಕೇಳಿದರೆ ಕೊಡಬೇಡಿ. ತಿಂಗಳಿಗೆ ತಲಾ 20,000 ರೂಪಾಯಿಯವರೆಗಿನ ವಸತಿಗೆ, ಸತತ 90 ದಿನ ಇರುವುದಾದರೆ, 2024ರ ಜುಲೈನಿಂದ ವಿನಾಯಿತಿ ಇದೆ. ಈ ಮಾತನ್ನು ನಗುತ್ತಲೇ ಹೇಳಿ, ಮಾಲೀಕರು ಕೂಡಲೇ ವಿಷಯ ಬದಲಿಸುತ್ತಾರೆ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: 'ಕಟ್ಟಡ ನಿಮ್ಮದೇನಾ?' ಬಹಳ ಪಿಜಿಗಳು ಲೀಸಿಗೆ ತೆಗೆದುಕೊಂಡ ಕಟ್ಟಡದಲ್ಲಿ ನಡೆಯುತ್ತವೆ. ನನಗೆ ಗೊತ್ತಿರುವ ಒಬ್ಬ ಹುಡುಗಿಯ ಪಿಜಿಯಲ್ಲಿ ನಡೆಸುತ್ತಿದ್ದವನು ಕಟ್ಟಡದ ಮಾಲೀಕರಿಗೆ ಬಾಡಿಗೆ ಕಟ್ಟದೆ ಒಂದು ರಾತ್ರಿ ಕಾಣೆಯಾದ. ಬೆಳಿಗ್ಗೆ ತಿಂಡಿ ಇಲ್ಲ, ಅಡುಗೆಯವರಿಲ್ಲ. ಮಧ್ಯಾಹ್ನ ಕಟ್ಟಡದ ಮಾಲೀಕರು ಬಂದು ವಾರದಲ್ಲಿ ಖಾಲಿ ಮಾಡಿ ಅಂದರು. ನಲವತ್ತು ಹುಡುಗಿಯರ ಅಡ್ವಾನ್ಸ್ ಹೋಯಿತು. ಲೀಸಿಗೆ ನಡೆಸುವುದು ತಪ್ಪಲ್ಲ, ಒಳ್ಳೆಯವರೂ ಇದ್ದಾರೆ. ಆದರೆ ಅಂಥ ಕಡೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟರೆ ರಿಯಾಯಿತಿ ಅನ್ನುವ ಆಸೆಗೆ ಬೀಳಬೇಡಿ. ತಿಂಗಳು ತಿಂಗಳೇ ಕೊಡಿ, ಯುಪಿಐನಲ್ಲೇ ಕೊಡಿ. ಮಾರ್ಕ್ಸ್ ಕಾರ್ಡ್, ಆಧಾರ್ ಒರಿಜಿನಲ್ ಮಾತ್ರ ಯಾರ ಕೈಗೂ ಬೇಡ, ಜೆರಾಕ್ಸ್ ಸಾಕು.

ಪಿಜಿ ಬಿಟ್ಟು ನಾಲ್ವರು ಸೇರಿ ಮನೆ ಮಾಡುವುದು? ಮೊದಲ ವರ್ಷ ಬೇಡ. ಮನೆಗೆ ಐದು, ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಹನ್ನೊಂದು ತಿಂಗಳ ಕರಾರು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಅದಕ್ಕೂ ಮೊದಲು, ಜತೆಗಿರುವವರು ಎಂಥವರು ಅಂತ ಗೊತ್ತಾಗಲು ಒಂದು ವರ್ಷ ಬೇಕು. ಎರಡನೇ ವರ್ಷ ಅವಳೇ ಹೇಳುತ್ತಾಳೆ.

ಕಾಲೇಜು ಹಾಸ್ಟೆಲ್‌ನ ವೇಟಿಂಗ್ ಲಿಸ್ಟ್ ಮಾತ್ರ ಬಿಡಬೇಡಿ. ಮುಂದಿನ ಸುತ್ತಿನ ಸೀಟು ಹಂಚಿಕೆ ಮುಗಿದ ಮೇಲೆ ಕೆಲವರು ಬೇರೆ ಕಾಲೇಜಿಗೆ ಹೋಗುತ್ತಾರೆ, ಕೆಲವರು ಊಟ ಸೇರದೆ ಮೊದಲ ತಿಂಗಳಲ್ಲೇ ಬಿಡುತ್ತಾರೆ. ನಾನು ವಾರ್ಡನ್ ಆಗಿದ್ದಾಗ ಆ ಖಾಲಿ ಬೆಡ್‌ಗಳು ಹೋಗುತ್ತಿದ್ದದ್ದು ವಾರಕ್ಕೊಮ್ಮೆ ಬಂದು ಮುಖ ತೋರಿಸುವವರಿಗೆ. ನ್ಯಾಯವಲ್ಲ ನಿಜ, ಆದರೆ ಲಿಸ್ಟ್‌ನಲ್ಲಿದ್ದವರಿಗೆ ಫೋನ್ ಮಾಡಿದರೆ ಅರ್ಧ ಜನ ಎತ್ತುತ್ತಿರಲಿಲ್ಲ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹೆಣ್ಣುಮಕ್ಕಳ ಹಾಸ್ಟೆಲ್‌ಗಳೂ ಬೆಂಗಳೂರಿನಲ್ಲಿವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇಟ್ಟುಕೊಂಡು ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್‌ನಲ್ಲಿ ಅರ್ಜಿ ಕರೆದಾಗ ಹಾಕಿಬಿಡಿ. ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇದೆ. ನಿಮ್ಮ ಸಮುದಾಯದ ಸಂಘದ್ದೇ ಹಾಸ್ಟೆಲ್ ಇದೆಯೇ ಅಂತ ಊರಿನ ಹಿರಿಯರನ್ನು ಕೇಳಿ. ಈ ಊರಿನಲ್ಲಿ ಅಂಥವು ನೂರು ವರ್ಷದಿಂದ ಓದಲು ಬಂದ ಮಕ್ಕಳಿಗೆ ಊಟ ಹಾಕುತ್ತಿವೆ.

ಆದ್ದರಿಂದ ನೀವು ಆರಿಸುತ್ತಿರುವುದು ನಾಲ್ಕು ವರ್ಷದ ಮನೆಯನ್ನಲ್ಲ, ಎರಡು ಮೂರು ತಿಂಗಳ ತಂಗುವ ಜಾಗವನ್ನು. ಆ ಲೆಕ್ಕದಲ್ಲಿ ನೋಡಿದರೆ ತಲೆಬಿಸಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಎರಡು ಪಿಜಿ, ಹಗಲು ಕಾಲೇಜಿನ ಕೆಲಸ ಮತ್ತು ಇನ್ನೊಂದೆರಡು ಪಿಜಿ, ಸಂಜೆ ಮನಸ್ಸಿಗೆ ಬಂದ ಒಂದಕ್ಕೆ ಹೇಳದೆ ಮತ್ತೆ ಹೋಗಿ. ಬೆಳಿಗ್ಗೆ ನಗುತ್ತ ಮಾತಾಡಿದ ಮ್ಯಾನೇಜರ್ ಸಂಜೆ ಹುಡುಗಿಯರ ಜತೆ ಹೇಗೆ ಮಾತಾಡುತ್ತಾನೆ ಅಂತ ಮಗಳು ಒಂದು ನಿಮಿಷ ಕೇಳಿಸಿಕೊಳ್ಳಲಿ. ಅವಳು ಬೇಡ ಅಂದರೆ ಕಾರಣ ಕೇಳಬೇಡಿ. ಸರಿ ಅಂದರೆ ಅಡ್ವಾನ್ಸ್ ಕೊಟ್ಟು ರಸೀದಿ ತೆಗೆದುಕೊಂಡು, ರೂಮಿನ ಗೋಡೆ, ಮಂಚ, ಕಪಾಟಿನ ಫೋಟೊ ಅವಳ ಫೋನಿನಲ್ಲಿ ತೆಗೆಸಿ, ರಾತ್ರಿಯ ಬಸ್ಸಿಗೆ ಹತ್ತಿ.

ಸಾಮಾನು ತರುವಾಗ ಬ್ಯಾಡಗಿಯಿಂದಲೇ ಒಂದು ಗಟ್ಟಿ ಬೀಗ ತನ್ನಿ. ಪಿಜಿಯವರು ಕಪಾಟಿಗೆ ಕೊಡುವ ಬೀಗದ ಎರಡನೇ ಕೀ ಅವರ ಹತ್ತಿರವೇ ಇರುತ್ತದೆ.